ಬೇರಿಂಗನ್ನೇ ಗಾಲಿಯಾಗಿ ಹಾಕಿದ್ದೆ, ಔಟರ್ ಸೀಳುತ್ತಿದೆ. ಏನು ಹಾಕಲಿ?

ಇಳಕಲ್_ಕಲ್ಲು

ಎಲ್ಲರಿಗೂ ನಮಸ್ಕಾರ. ಇಳಕಲ್ ಹತ್ತಿರ ನಮ್ಮದೊಂದು ಸಣ್ಣ ಗ್ರಾನೈಟ್ ಕಟಿಂಗ್ ಘಟಕ ಇದೆ. ಹೊರಗಿನಿಂದ ಬಂದ ಕಲ್ಲನ್ನು ಕಟರ್ ಹತ್ತಿರ ತಳ್ಳಿಕೊಂಡು ಹೋಗಲು ಒಂದು ಟ್ರಾಲಿ ಮಾಡಿಸಿದ್ದೇವೆ. ಮಾಡಿಸಿದ್ದು ಅಂದರೆ ನಾನೇ ಚಿತ್ರ ಬರೆದು, ವೆಲ್ಡಿಂಗ್‌ನವನನ್ನು ಕೂರಿಸಿಕೊಂಡು ಮಾಡಿದ್ದು. ಹಾಗಾಗಿ ತಪ್ಪಿದ್ದರೆ ನನ್ನದೇ.

ಟ್ರಾಲಿ ತೂಕ 400 ಕೆಜಿ, ಮೇಲೆ ಕಲ್ಲು ಜಾಸ್ತಿ ಅಂದರೆ 2 ಟನ್. ನಾಲ್ಕು ಮೂಲೆಗೆ ಒಂದೊಂದು 6205 ಬೇರಿಂಗ್ (ಒಳ ವ್ಯಾಸ 25, ಹೊರ ವ್ಯಾಸ 52 ಎಂಎಂ). ಗಾಲಿ ಬೇರೆ ಇಲ್ಲ, ಬೇರಿಂಗೇ ಗಾಲಿ. 25 ಎಂಎಂ ಬ್ರೈಟ್ ಬಾರ್ ತುಂಡನ್ನು ಚಾನೆಲ್‌ಗೆ ವೆಲ್ಡ್ ಮಾಡಿ ಅದಕ್ಕೆ ಬೇರಿಂಗ್ ಏರಿಸಿದ್ದೇವೆ. ನೆಲದಲ್ಲಿ 50x10 ಎಂಎಸ್ (ಸಾದಾ ಮೆತು ಉಕ್ಕು) ಪಟ್ಟಿ ಹಾಸಿದ್ದೇವೆ, ಬೇರಿಂಗ್‌ನ ಔಟರ್, ಅಂದರೆ ಹೊರಗಿನ ಉಕ್ಕಿನ ಬಳೆ, ಸೀದಾ ಅದರ ಮೇಲೆ ಉರುಳುತ್ತದೆ. ಉದ್ದ 9 ಮೀಟರ್, ದಿನಕ್ಕೆ ಸುಮಾರು 30 ಸಲ ಹೋಗಿ ಬರುತ್ತದೆ.

ನಾನು ಹಾಕಿದ ಲೆಕ್ಕ ಇಷ್ಟೇ. 2400 ಭಾಗಿಸು 4, ಅಂದರೆ ಒಂದಕ್ಕೆ 600 ಕೆಜಿ. ಕ್ಯಾಟಲಾಗ್‌ನಲ್ಲಿ 6205ಕ್ಕೆ 14 ಕಿಲೋನ್ಯೂಟನ್ ಅಂತಿದೆ, ಅಂದರೆ 1400 ಕೆಜಿ. ಎರಡರಷ್ಟಕ್ಕೂ ಮೀರಿ ಇದೆಯಲ್ಲ ಅಂತ ನೆಮ್ಮದಿಯಾಗಿದ್ದೆ. ನಾಲ್ಕೇ ತಿಂಗಳಿಗೆ ಎರಡು ಬೇರಿಂಗ್‌ನ ಔಟರ್ ಅಡ್ಡಕ್ಕೆ ಸೀಳಿದೆ, ಬಳೆ ಒಡೆದ ಹಾಗೆ. ಇನ್ನೊಂದು ಕಟಕಟ ಅನ್ನುತ್ತಿದೆ. ನಾಲ್ಕನೆಯದು ಮಾತ್ರ ಹೊಸದರ ಹಾಗೇ ಇದೆ, ಅದು ಯಾಕೋ ಗೊತ್ತಿಲ್ಲ. ಪಟ್ಟಿಯಲ್ಲೂ ಗಾಲಿ ಓಡಿದ ಜಾಗ ತಗ್ಗಾಗಿ, ಅಂಚು ಹೊರಕ್ಕೆ ಹರಡಿಕೊಂಡಿದೆ.

ಅಂಗಡಿಯಲ್ಲಿ ಕೇಳಿದರೆ ಮಾಲು ಡೂಪ್ಲಿಕೇಟ್ ಇರಬೇಕು, ಒರಿಜಿನಲ್ ಹಾಕಿ ಅಂದರು. ಆದರೆ ಇದನ್ನು ಕೊಟ್ಟವರೂ ಅವರೇ!

ಯಾವ ಬೇರಿಂಗ್ ಹಾಕಲಿ? ಅಥವಾ ಈ ಐಡಿಯಾನೇ ತಪ್ಪಾ?

---

ಟೂ_ವೀಲರ್_ಗ್ಯಾರೇಜ್

6305 ಹಾಕಿ ಸರ್, ಬೋರ್ (ಒಳ ತೂತು) ಅದೇ 25. ಮುಗೀತು ಕಥೆ.

---

ಹಳೇ_ಫಿಟ್ಟರ್

ಕಥೆ ಮುಗಿಯುವುದಿಲ್ಲ, ಆರು ತಿಂಗಳು ಮುಂದಕ್ಕೆ ಹೋಗುತ್ತದೆ ಅಷ್ಟೇ. ನಾನು ಸಕ್ಕರೆ ಕಾರ್ಖಾನೆಯಲ್ಲಿ ಮೇಂಟೆನೆನ್ಸ್‌ನಲ್ಲಿ ಇದ್ದವನು, ಇದೇ ತಪ್ಪನ್ನು ನನ್ನ ಕೈಯಾರೆ ಮಾಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಜಾರಾಗಬೇಡಿ.

62, 63 ಸರಣಿಯ ಬೇರಿಂಗ್‌ಗಳನ್ನು ಮಾಡಿರುವುದು ಒಂದು ಗೂಡಿನೊಳಗೆ ಕೂರಲಿಕ್ಕೆ. ಔಟರ್‌ನ ಹೊರಮೈಯನ್ನು ಸುತ್ತಲೂ ದಪ್ಪ ಲೋಹ ಅಪ್ಪಿ ಹಿಡಿದಿರುತ್ತದೆ. ಹಾಗೆ ಹಿಡಿದಿದ್ದಾಗ ಎಷ್ಟು ಭಾರ ಹೊರುತ್ತದೋ ಅದನ್ನೇ ಕ್ಯಾಟಲಾಗ್‌ನಲ್ಲಿ ಬರೆದಿರುತ್ತಾರೆ. ನೀವು ಗೂಡು ತೆಗೆದು ಬರೀ ಔಟರನ್ನು ಪಟ್ಟಿ ಮೇಲೆ ಇಟ್ಟಿದ್ದೀರಿ. ಬಳೆಯ ಹೋಲಿಕೆ ನೀವೇ ಕೊಟ್ಟಿರಿ, ಅದೇ ಸರಿ. ಬಳೆ ಕೈಯಲ್ಲಿದ್ದಾಗ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ. ನೆಲದ ಮೇಲೆ ನಿಲ್ಲಿಸಿ ಮೇಲಿಂದ ಒತ್ತಿ ನೋಡಿ.

6205ರ ಒಳಗೆ 9 ಗುಂಡುಗಳಿವೆ. ಔಟರ್ ಹತ್ತಿರ ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಸುಮಾರು 16 ಎಂಎಂ ದೂರ. ಗುಂಡು ಓಡುವ ಹಳ್ಳದ ತಳದಲ್ಲಿ ಔಟರ್‌ನ ದಪ್ಪ ಎರಡೂವರೆ ಎಂಎಂ ಇದ್ದರೆ ಹೆಚ್ಚು. ಪಟ್ಟಿ ಮುಟ್ಟುವ ಜಾಗ ಗುಂಡಿನ ನೇರ ಕೆಳಗೆ ಬಂದರೆ ಪರವಾಗಿಲ್ಲ. ಎರಡು ಗುಂಡಿನ ನಡುವೆ ಬಂದಾಗ ಆ ಎರಡೂವರೆ ಎಂಎಂ ತಗಡು ಸಣ್ಣ ಸೇತುವೆ ಥರ ಬಾಗಬೇಕು. ಅದು ಗಟ್ಟಿ ಹದ ಕೊಟ್ಟ ಸ್ಟೀಲು, ಬಾಗುವುದು ಅದರ ಗುಣವೇ ಅಲ್ಲ. ಒಳಗಡೆ ಹಳ್ಳದಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟುತ್ತದೆ, ಒಂದು ದಿನ ಟಪ್ ಅಂತ ಹೊರಗೆ ಬರುತ್ತದೆ. ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸಿ ಮುರಿದ ಹಾಗೆ.

6305ರಲ್ಲಿ ಔಟರ್ ಒಂದು ಎಂಎಂ ದಪ್ಪ ಜಾಸ್ತಿ, ನಿಜ. ಆದರೆ ಗುಂಡು ದೊಡ್ಡದು, ಸಂಖ್ಯೆ ಕಡಿಮೆ, ನಡುವಿನ ಜಾಗ ಇನ್ನೂ ದೊಡ್ಡದು. ಅದಕ್ಕೇ ಹೇಳಿದ್ದು, ಮುಂದಕ್ಕೆ ಹೋಗುತ್ತದೆ ಅಷ್ಟೇ ಅಂತ.

ಇನ್ನು ನಿಮ್ಮ ನಾಲ್ಕನೇ ಬೇರಿಂಗ್ ಹೊಸದರ ಹಾಗಿದೆ ಅಂದಿರಲ್ಲ, ನನಗೆ ಮುಖ್ಯ ಅನ್ನಿಸಿದ್ದು ಅದೇ. ಅದು ಕೆಲಸವೇ ಮಾಡಿಲ್ಲ. ಒಂದು ಕಾಗದದ ಚೂರು ತೆಗೆದುಕೊಳ್ಳಿ. ಟ್ರಾಲಿ ಖಾಲಿ ಇದ್ದಾಗ ಒಂದೊಂದು ಗಾಲಿಯ ಅಡಿಗೂ ತೂರಿಸಿ ನೋಡಿ, ಹಳಿಯ ನಾಲ್ಕೈದು ಜಾಗದಲ್ಲಿ. ಏನು ಸಿಕ್ಕಿತು ಅಂತ ಬರೆಯಿರಿ.

ಇನ್ನೊಂದು ಮಾತು. ಬೇರಿಂಗ್ ಹಾಕಿದ ಮೇಲೆ ಫ್ರೇಮ್‌ಗೆ ವೆಲ್ಡಿಂಗ್ ಮಾಡಿದ್ದೀರಾ? ಅರ್ತ್ ಕ್ಲಾಂಪ್ (ವೆಲ್ಡಿಂಗ್ ಕರೆಂಟು ವಾಪಸ್ ಹೋಗುವ ತಂತಿಯ ಕ್ಲಿಪ್ಪು) ಎಲ್ಲಿತ್ತು? ಕ್ಲಾಂಪ್ ಹಳಿಗೆ ಹಾಕಿ ಟ್ರಾಲಿ ಮೇಲೆ ವೆಲ್ಡ್ ಮಾಡಿದರೆ ಕರೆಂಟು ಹೋಗುವುದು ಬೇರಿಂಗ್ ಮೂಲಕವೇ. ಗುಂಡಿಗೂ ಹಳ್ಳಕ್ಕೂ ಕಿಡಿ ಹಾರಿ ಚುಕ್ಕಿ ಬೀಳುತ್ತದೆ. ಆ ಕಟಕಟ ಅದರದ್ದೂ ಇರಬಹುದು.

---

ಇಳಕಲ್_ಕಲ್ಲು

ಸರ್, ಕಾಗದ ಹಾಕಿ ನೋಡಿದೆ. ಹಿಂದಿನ ಎಡಗಡೆ ಗಾಲಿ, ಅದೇ ಹೊಸದರ ಹಾಗಿರುವುದು, ಹಳಿಯ ಅರ್ಧಕ್ಕಿಂತ ಜಾಸ್ತಿ ದೂರ ಪಟ್ಟಿಯನ್ನು ಮುಟ್ಟುವುದೇ ಇಲ್ಲ! ಕಾಗದ ಆರಾಮಾಗಿ ಆಚೆ ಈಚೆ ಓಡಾಡುತ್ತದೆ. ಒಂದು ಕಡೆಯಂತೂ ಪೆನ್ಸಿಲ್ ಕೂಡ ಹೋಯಿತು. ಆಮೇಲೆ ಲೆವೆಲ್ ಪೈಪಿನಲ್ಲಿ ನೀರು ತುಂಬಿ ಹಳಿ ಅಳೆದೆ, ನಡುವೆ ಒಂದು ಕಡೆ 6 ಎಂಎಂ ಎತ್ತರ ಇದೆ.

ಅರ್ತ್ ಕ್ಲಾಂಪ್ ಹಳಿಗೇ ಹಾಕಿದ್ದು. ಇದು ತಲೆಗೇ ಹೊಳೆದಿರಲಿಲ್ಲ.

---

ಪೀಣ್ಯ_ಡಿಸೈನ್

ಫಿಟ್ಟರ್ ಸರ್ ಹೇಳಿದ್ದಕ್ಕೆ ನನ್ನದು ಸ್ವಲ್ಪ ಲೆಕ್ಕ ಸೇರಿಸುತ್ತೇನೆ. ಪೀಣ್ಯದಲ್ಲಿ ಮೆಷಿನ್ ಡಿಸೈನ್ ಮಾಡುತ್ತೇನೆ, ಈ ಪ್ರಶ್ನೆ ವರ್ಷಕ್ಕೆ ಎರಡು ಸಲವಾದರೂ ನನ್ನ ಟೇಬಲ್‌ಗೆ ಬರುತ್ತದೆ.

ಮೊದಲು ಆ 14 ಕಿಲೋನ್ಯೂಟನ್. ಅದು 'ಇಷ್ಟು ಭಾರ ಹೊರುತ್ತದೆ' ಅನ್ನುವ ಅಂಕಿ ಅಲ್ಲ. ಅಷ್ಟು ಭಾರ ಹಾಕಿ ತಿರುಗಿಸಿದರೆ 10 ಲಕ್ಷ ಸುತ್ತು ಮುಗಿಯುವಷ್ಟರಲ್ಲಿ ನೂರಕ್ಕೆ ಹತ್ತು ಬೇರಿಂಗ್ ಕೆಟ್ಟಿರುತ್ತವೆ ಅಂತ ಅರ್ಥ. ಆಯುಷ್ಯದ ಲೆಕ್ಕಕ್ಕೆ ಬೇಕಾದ ಅಂಕಿ ಅದು. ಆ ಲೆಕ್ಕವನ್ನೂ ಹಾಕಿಬಿಡೋಣ. 52 ಎಂಎಂ ವ್ಯಾಸಕ್ಕೆ ಸುತ್ತಳತೆ 163 ಎಂಎಂ, 9 ಮೀಟರಿಗೆ 55 ಸುತ್ತು, ಹೋಗಿ ಬರಲು 110, ದಿನಕ್ಕೆ 3300 ಸುತ್ತು. ಭಾರ 6 ಕಿಲೋನ್ಯೂಟನ್ ಅಂತಿಟ್ಟುಕೊಂಡರೆ 14 ಭಾಗಿಸು 6, ಅದರ ಘನ, ಅಂದರೆ ಸುಮಾರು 127 ಲಕ್ಷ ಸುತ್ತು. ವರ್ಷಕ್ಕೆ 300 ದಿನ ಕೆಲಸ ಅಂದರೂ 12 ವರ್ಷ ಬರಬೇಕು. ವಾಪಸ್ ಬರುವಾಗ ಖಾಲಿ ಅನ್ನುವುದನ್ನು ಇಲ್ಲಿ ಸೇರಿಸಿಯೇ ಇಲ್ಲ. ಬಂದದ್ದು ನಾಲ್ಕು ತಿಂಗಳು. ಅಂದರೆ ನಿಮ್ಮ ಬೇರಿಂಗ್ ಸವೆದು ಸತ್ತಿಲ್ಲ, ಬೇರೆ ಕಾರಣಕ್ಕೆ ಸತ್ತಿದೆ.

ನಿಧಾನಕ್ಕೆ ತಿರುಗುವ ಗಾಲಿಗೆ ನೋಡಬೇಕಾದದ್ದು ಪಕ್ಕದ ಕಾಲಂ, ಸ್ಟ್ಯಾಟಿಕ್ ರೇಟಿಂಗ್. 6205ಕ್ಕೆ ಅದು 7.8 ಕಿಲೋನ್ಯೂಟನ್. ಅದನ್ನು ದಾಟಿದರೆ ಗುಂಡು ಹಳ್ಳದಲ್ಲಿ ಗುರುತು ಮೂಡಿಸಿ ಕೂರುತ್ತದೆ, ಆಮೇಲೆ ಪ್ರತಿ ಸುತ್ತಿಗೂ ಕಟ್ ಅನ್ನುತ್ತದೆ. ಕಲ್ಲನ್ನು ಕ್ರೇನಿನಿಂದ ಧಡ್ ಅಂತ ಇಳಿಸುವ ಕಡೆ ಇದಕ್ಕೆ ಎರಡು ಪಟ್ಟು ಜಾಗ ಬಿಡಬೇಕು. ಈಗ ಕಾಗದದ ಪರೀಕ್ಷೆಗೆ ಬನ್ನಿ. ನಾಲ್ಕು ಕಾಲಿನ ಸ್ಟೂಲನ್ನು ಏರುತಗ್ಗು ನೆಲದ ಮೇಲೆ ಇಟ್ಟರೆ ಕುಂಟುತ್ತದೆ, ಮೂರು ಕಾಲಿನದು ಕುಂಟುವುದಿಲ್ಲ. ನಿಮ್ಮ ಫ್ರೇಮ್ ಗಟ್ಟಿ, ಹಳಿ ಡೊಂಕು. ಹಾಗಾಗಿ ಹೆಚ್ಚೂಕಡಿಮೆ ಪೂರ್ತಿ ಭಾರ ಎದುರುಬದುರು ಮೂಲೆಯ ಎರಡೇ ಗಾಲಿ ಮೇಲೆ. 2400 ಕೆಜಿ ಅಂದರೆ 23.5 ಕಿಲೋನ್ಯೂಟನ್, ಅದರರ್ಧ 11.8. ನಿಮ್ಮ ಬೇರಿಂಗ್‌ನ ಸ್ಟ್ಯಾಟಿಕ್ ರೇಟಿಂಗ್ 7.8, ಅದೂ ಗೂಡಿನೊಳಗೆ ಇದ್ದರೆ! ನಾಲ್ಕರಿಂದ ಭಾಗಿಸುವ ಅಭ್ಯಾಸ ಬಿಡಿ. ಗಟ್ಟಿ ಫ್ರೇಮಿಗೆ ಯಾವತ್ತೂ ಎರಡರಿಂದಲೇ ಭಾಗಿಸಬೇಕು.

ಪಟ್ಟಿ ಯಾಕೆ ತಗ್ಗಾಯಿತು ಅನ್ನುವುದಕ್ಕೂ ಲೆಕ್ಕ ಇದೆ. 52 ಎಂಎಂ ವ್ಯಾಸ, ಅಂಚಿನ ಸಣ್ಣ ಮೂಲೆ ಬಿಟ್ಟರೆ ಮುಟ್ಟುವ ಅಗಲ 13 ಎಂಎಂ. ನಾಲ್ಕೂ ಗಾಲಿ ಸಮನಾಗಿ ಹೊತ್ತರೂ ಮುಟ್ಟುವ ಗೆರೆಯಲ್ಲಿ ಒತ್ತಡ ಸುಮಾರು 800 ಎಂಪಿಎ (ಅಂದರೆ ಚದರ ಎಂಎಂಗೆ ಅಷ್ಟು ನ್ಯೂಟನ್), ಎರಡೇ ಹೊತ್ತರೆ 1100 ದಾಟುತ್ತದೆ. ಸಾದಾ ಎಂಎಸ್ 450ರ ಆಸುಪಾಸಿನಲ್ಲೇ ಒಳಗೊಳಗೆ ಬಿಟ್ಟುಕೊಡಲು ಶುರು ಮಾಡುತ್ತದೆ. 575 ದಾಟಿದರೆ ಗಾಲಿ ಹೋದ ಪ್ರತಿ ಸಲವೂ ಚೂರು ಚೂರೇ ಹರಡುತ್ತಾ ಹೋಗುತ್ತದೆ, ಚಪಾತಿ ಲಟ್ಟಿಸಿದ ಹಾಗೆ. ಆ ಅಂಚು ಹೊರಗೆ ಬಂದಿದೆ ಅಂದಿರಲ್ಲ, ಅದು ಇದೇ. ಬರೀ ಬೇರಿಂಗ್ ಬದಲಿಸಿದರೆ ಪಟ್ಟಿ ಉಳಿಯುವುದಿಲ್ಲ.

ದಾರಿ ಎರಡು.

ಒಂದು, ಗಾಲಿ ಕೆಲಸಕ್ಕೆಂದೇ ಮಾಡಿದ ಬೇರಿಂಗ್. ಟ್ರ್ಯಾಕ್ ರೋಲರ್ ಅನ್ನುತ್ತಾರೆ. ಔಟರ್ ಬಹಳ ದಪ್ಪ ಇರುತ್ತದೆ, ಹೊರಮೈ ಚೂರು ಉಬ್ಬಿರುತ್ತದೆ. ಆ ಉಬ್ಬು ಯಾಕೆ ಅಂದರೆ ಗಾಲಿ ಸ್ವಲ್ಪ ವಾಲಿದರೂ ಅಂಚು ಹಳಿಗೆ ಕೊರೆಯಬಾರದು ಅಂತ. ತನ್ನದೇ ಬೋಲ್ಟ್ ಇರುವುದು ಕ್ಯಾಮ್ ಫಾಲೋವರ್, ಕೆಆರ್ ಸರಣಿ. ಕೆಆರ್ 52 ಅಂದರೆ ಹೊರ ವ್ಯಾಸ 52, ಬೋಲ್ಟ್ ಎಂ20, ಎಳೆ 1.5 ಪಿಚ್. ಕೆಆರ್‌ಇ ಅಂದರೆ ಬೋಲ್ಟಿನ ಸುತ್ತ ಎಕ್ಸೆಂಟ್ರಿಕ್ ಬುಷ್ ಇರುತ್ತದೆ, ತಿರುಗಿಸಿ ಎತ್ತರ ಹೊಂದಿಸಬಹುದು. ನಿಮ್ಮಂಥ ಡೊಂಕು ಹಳಿಯವರಿಗೆ ಆಸೆ ಹುಟ್ಟಿಸುವಂಥದ್ದು. ಆದರೆ ಬೋಲ್ಟ್ ಒಂದೇ ಕಡೆ ಹಿಡಿದಿರುವುದರಿಂದ ಭಾರಕ್ಕೆ ಅದು ಬಾಗುತ್ತದೆ, ಅನೇಕ ಸಲ ಕಡಿಮೆ ಬೀಳುವುದು ಬೇರಿಂಗ್ ಅಲ್ಲ, ಆ ಬೋಲ್ಟೇ. ಎರಡೂ ಕಡೆ ಹಿಡಿತ ಕೊಟ್ಟು ಶಾಫ್ಟ್ ತೂರಿಸುವುದಾದರೆ ಎನ್‌ಯುಟಿಆರ್ ಸರಣಿ ನೋಡಿ, ಒಳಗೆ ಗುಂಡಿನ ಬದಲು ಎರಡು ಸಾಲು ರೋಲರ್‌ಗಳು ಒತ್ತೊತ್ತಾಗಿ ತುಂಬಿರುತ್ತವೆ. ಕ್ಯಾಟಲಾಗ್‌ನಲ್ಲಿ ಇವುಗಳಿಗೆ ಭಾರದ ಅಂಕಿಯನ್ನು ಗೂಡು ಇಲ್ಲದೆ ಟ್ರ್ಯಾಕ್ ಮೇಲೆ ಓಡುವ ಲೆಕ್ಕದಲ್ಲೇ ಬೇರೆಯಾಗಿ ಕೊಟ್ಟಿರುತ್ತಾರೆ, ಅದನ್ನೇ ಓದಿ.

ಎರಡು, ನಿಮಗೆ ನಾನು ಹೇಳುವುದು ಇದನ್ನೇ: ದೊಡ್ಡ ಗಾಲಿ ಮಾಡಿಸಿ, ಸಾದಾ ಬೇರಿಂಗನ್ನು ಅದರೊಳಗೆ ಕೂರಿಸಿ. ಆಗ ಬೇರಿಂಗ್‌ಗೆ ಗೂಡು ಸಿಕ್ಕ ಹಾಗಾಯಿತು. 150 ಎಂಎಂ ವ್ಯಾಸ, 40 ಎಂಎಂ ಅಗಲದ ಗಾಲಿಯಲ್ಲಿ ಎರಡೆರಡು 6206. ಸ್ಟ್ಯಾಟಿಕ್ ರೇಟಿಂಗ್ ಒಂದಕ್ಕೆ 11.2, ಎರಡಕ್ಕೆ 22.4, ಕೆಟ್ಟ ಸಂದರ್ಭದ 11.8ಕ್ಕೆ ಹೆಚ್ಚೂಕಡಿಮೆ ಎರಡು ಪಟ್ಟು. ಹಳಿಯ ಮೇಲಿನ ಒತ್ತಡ ಆ 11.8ಕ್ಕೂ ಬರೀ 380 ಎಂಪಿಎ. ಸಾದಾ ಎಂಎಸ್ ಹಳಿಯೇ ತಡೆಯುತ್ತದೆ. ಟ್ರ್ಯಾಕ್ ರೋಲರ್ ಹಾಕಿದರೂ 52 ಎಂಎಂ ವ್ಯಾಸವೇ ಆದ್ದರಿಂದ ಹಳಿಯನ್ನು ಗಟ್ಟಿ ಸ್ಟೀಲಿಗೆ ಬದಲಿಸಲೇಬೇಕಾಗುತ್ತದೆ, 9 ಮೀಟರ್ ಎರಡು ಸಾಲು, ಅದರ ಖರ್ಚೇ ಬೇರೆ.

---

ಬೇರಿಂಗ್_ಕೌಂಟರ್

ಬೆಂಗಳೂರಿನ ಎಸ್‌ಪಿ ರೋಡ್ ಕಡೆ ಕೌಂಟರಿನಲ್ಲಿ ಕೂರುವವನು ನಾನು. ಎಲ್ಲಾ ತಪ್ಪಿಗೂ ಡೂಪ್ಲಿಕೇಟ್ ಅಂದುಬಿಡುವುದು ನಮ್ಮವರ ಹಳೇ ಚಾಳಿ, ಒಪ್ಪುತ್ತೇನೆ. ಡೂಪ್ಲಿಕೇಟ್ ಇಲ್ಲ ಅಂತಲ್ಲ, ದಂಡಿಯಾಗಿ ಇದೆ. ಆದರೆ ಈ ಕೇಸಿನಲ್ಲಿ ಒರಿಜಿನಲ್ ಹಾಕಿದ್ದರೂ ಒಡೆಯುತ್ತಿತ್ತು. ದುಡ್ಡು ಮಾತ್ರ ಜಾಸ್ತಿ ಹೋಗುತ್ತಿತ್ತು.

ಅಂಗಡಿಗೆ ಬಂದು 'ದಪ್ಪ ಔಟರ್ ಬೇರಿಂಗ್ ಕೊಡಿ' ಅಂದರೆ ಹುಡುಗರಿಗೆ ತಿಳಿಯುವುದಿಲ್ಲ. 'ಫೋರ್ಕ್‌ಲಿಫ್ಟ್ ಮಾಸ್ಟ್ ಬೇರಿಂಗ್' ಅಂತ ಕೇಳಿ ನೋಡಿ. ಫೋರ್ಕ್‌ಲಿಫ್ಟ್‌ನ ಕಂಬದಲ್ಲಿ ಮೇಲೆ ಕೆಳಗೆ ಓಡುತ್ತವಲ್ಲ, ಆ ರೋಲರ್‌ಗಳು. ಸೀದಾ ಚಾನೆಲ್‌ನೊಳಗೆ ಉರುಳಲಿಕ್ಕೇ ಮಾಡಿದ್ದು, ಔಟರ್ ಒಳ್ಳೆ ದಪ್ಪ, ಬಿಡಿಭಾಗವಾಗಿ ಸುಲಭಕ್ಕೆ ಸಿಗುತ್ತದೆ. ನಿಧಾನಕ್ಕೆ ಓಡುವ ಟ್ರಾಲಿಗೆ, ಶೀಟ್ ಎತ್ತುವ ಲಿಫ್ಟಿಗೆ ತುಂಬಾ ಜನ ಇದನ್ನೇ ಒಯ್ಯುತ್ತಾರೆ. ನಂಬರ್ ನಂಬಿ ತರಬೇಡಿ, ಕ್ಯಾಲಿಪರ್ ತಂದು ಒಳ ವ್ಯಾಸ, ಹೊರ ವ್ಯಾಸ, ಅಗಲ ಮೂರನ್ನೂ ಅಳೆದು ಒಯ್ಯಿರಿ.

ಇನ್ನೊಂದು ಗೊಂದಲ ದಿನಾ ನೋಡುತ್ತೇನೆ. ಕೆಆರ್ 52 ಅಂದಾಗ 52 ಹೊರ ವ್ಯಾಸ. ಇನ್ನೊಂದು ಪದ್ಧತಿಯಲ್ಲಿ ಅದನ್ನೇ ಸಿಎಫ್ 20 ಅಂತಾರೆ, ಅಲ್ಲಿ 20 ಅಂದರೆ ಬೋಲ್ಟ್. ಫೋನಿನಲ್ಲಿ '20ರದ್ದು ಕಳಿಸಿ' ಅಂದು ಬೇರೇನೋ ತರಿಸಿಕೊಂಡು ಜಗಳ ಆಡುವವರು ಇದ್ದಾರೆ. ಸಾದಾ ಬೇರಿಂಗ್‌ನಲ್ಲಿ ಈ ತಾಪತ್ರಯ ಇಲ್ಲ, 04ರಿಂದ ಮೇಲೆ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಬೋರ್ ಬಂತು. 05 ಅಂದರೆ 25, 06 ಅಂದರೆ 30.

---

ಮೆಣಸಿನ_ಬಳ್ಳಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಕಡೆ ಮಲೆನಾಡಿನಲ್ಲಿ ಕಾಳುಮೆಣಸು ಜರಡಿ ಹಿಡಿಯುವ ಡ್ರಮ್ ಒಂದಿದೆ. ಸರಕು ಸೇರಿ 300 ಕೆಜಿ. ಕೆಳಗೆ ನಾಲ್ಕು 6204 ಬೇರಿಂಗ್, ಅದರ ಮೇಲೆ ಡ್ರಮ್ಮಿನ ರಿಂಗ್ ಉರುಳುತ್ತದೆ. ಒಡೆದಿಲ್ಲ, ಆದರೆ ಸದ್ದು ಕಿವಿ ಕಿತ್ತು ಹೋಗುವಷ್ಟು. ಡ್ರಮ್ ಬೇರೆ ಒಂದೇ ಕಡೆ ಸರಿದು ಸರಿದು ಫ್ರೇಮಿಗೆ ಉಜ್ಜುತ್ತದೆ. ಇಲ್ಲೂ ಔಟರ್ ಸೀಳುತ್ತದಾ?

---

ಪೀಣ್ಯ_ಡಿಸೈನ್

ನಿಮ್ಮದು ಹಗುರ, ಹೆದರಬೇಡಿ. ರೋಲರ್‌ಗಳು ನಟ್ಟನಡುವಿನ ಗೆರೆಯಿಂದ ಎರಡೂ ಕಡೆ 30 ಡಿಗ್ರಿಯಲ್ಲಿ ಇದ್ದರೆ ಒಂದೊಂದರ ಮೇಲೆ 87 ಕೆಜಿ ಬೀಳುತ್ತದೆ. 300ನ್ನು ನಾಲ್ಕರಿಂದ ಭಾಗಿಸಿದ 75 ಅಲ್ಲ, ಓರೆಯಾಗಿ ಒತ್ತುವುದರಿಂದ ಸ್ವಲ್ಪ ಜಾಸ್ತಿ. ರೋಲರ್‌ಗಳನ್ನು ಇನ್ನೂ ದೂರ ಇಟ್ಟಷ್ಟೂ ಇದು ಏರುತ್ತದೆ, 60 ಡಿಗ್ರಿಗೆ ಹೋದರೆ 150 ಕೆಜಿ. 6204ರ ಸ್ಟ್ಯಾಟಿಕ್ ರೇಟಿಂಗ್ 6.5 ಕಿಲೋನ್ಯೂಟನ್, ಅಂದರೆ 650 ಕೆಜಿಯ ಹತ್ತಿರ. ಇಷ್ಟು ಅಂತರ ಇದ್ದಾಗ ಸಾದಾ ಬೇರಿಂಗನ್ನೇ ಗಾಲಿ ಮಾಡಿದರೂ ನಡೆಯುತ್ತದೆ. ಕಿಟಕಿ ಜಾರುವ ಗಾಜಿಗೆ, ಸಣ್ಣ ಡ್ರಾಯರಿಗೆ ಎಲ್ಲರೂ ಹಾಕುವುದಿಲ್ಲವೇ. ನನ್ನ ಅಂದಾಜು ಇಷ್ಟೇ: ಸ್ಟ್ಯಾಟಿಕ್ ರೇಟಿಂಗ್‌ನ ಐದರಲ್ಲಿ ಒಂದು ಪಾಲಿನೊಳಗೆ ಇದ್ದರೆ ತಲೆ ಕೆಡಿಸಿಕೊಳ್ಳುವುದಿಲ್ಲ, ಅರ್ಧಕ್ಕೆ ಬಂದರೆ ಮುಟ್ಟುವುದೇ ಇಲ್ಲ. ಇದು ಪುಸ್ತಕದ ನಿಯಮ ಅಲ್ಲ, ನನ್ನ ಕೈಯಳತೆ.

ಸದ್ದು ಕಬ್ಬಿಣಕ್ಕೆ ಕಬ್ಬಿಣ ಬಡಿದದ್ದು. ನೈಲಾನ್ ಗಾಲಿಯೊಳಗೆ ಬೇರಿಂಗ್ ಕೂರಿಸಿದ್ದು ಸಿಗುತ್ತದೆ, ಅದನ್ನು ಹಾಕಿ. ಡ್ರಮ್ ಸರಿಯುವುದಕ್ಕೆ ಕಾರಣ ಯಾವುದೋ ಒಂದು ರೋಲರ್‌ನ ಶಾಫ್ಟ್ ಡ್ರಮ್ಮಿಗೆ ನೇರ ಇಲ್ಲದಿರುವುದು. ಕಾರಿನ ಮುಂದಿನ ಚಕ್ರ ಚೂರು ತಿರುಗಿದ್ದರೆ ಕಾರು ಆ ಕಡೆ ಎಳೆಯುತ್ತದಲ್ಲ, ಹಾಗೆ. ಪ್ಲಮರ್ ಬ್ಲಾಕ್ (ಬೋಲ್ಟ್ ಹಾಕಿ ಕೂರಿಸುವ ಬೇರಿಂಗ್ ಗೂಡು) ಇದ್ದರೆ ಬೋಲ್ಟ್ ಸಡಿಲಿಸಿ ಒಂದು ರೋಲರನ್ನು ಕೂದಲೆಳೆಯಷ್ಟು ತಿರುಗಿಸಿ ನೋಡಿ, ಡ್ರಮ್ ವಾಪಸ್ ಬರುತ್ತದೆ. ಜೊತೆಗೆ ರಿಂಗಿನ ಪಕ್ಕಕ್ಕೆ ತಾಗುವ ಹಾಗೆ ಅಡ್ಡ ರೋಲರ್ ಒಂದು ಇರಲಿ.

---

ಲೇತ್_ಮೇಷ್ಟ್ರು

ಗಾಲಿ ಮಾಡಿಸುವುದು ಅಂತ ತೀರ್ಮಾನ ಆದರೆ ಲೇತಿನವರಿಗೆ ಏನು ಹೇಳಬೇಕು ಅನ್ನುವುದನ್ನು ನಾನು ಹೇಳುತ್ತೇನೆ. ಯಾಕೆಂದರೆ ಇಲ್ಲೇ ಎಲ್ಲರೂ ಎಡವುವುದು.

ಸಾಮಾನ್ಯವಾಗಿ ಮೋಟಾರಿನಲ್ಲಿ ಶಾಫ್ಟ್ ತಿರುಗುತ್ತದೆ, ಹಾಗಾಗಿ ಇನ್ನರ್ (ಬೇರಿಂಗ್‌ನ ಒಳಗಿನ ಬಳೆ) ಬಿಗಿ, ಔಟರ್ ಕೈಯಲ್ಲಿ ಹೋಗುವ ಹಾಗೆ ಇಡುತ್ತಾರೆ. ನಮ್ಮ ಟರ್ನರ್‌ಗಳ ಕೈಗೆ ಇದೇ ಅಭ್ಯಾಸ. ಗಾಲಿಯಲ್ಲಿ ತಿರುಗುವುದು ಔಟರ್, ಶಾಫ್ಟ್ ನಿಂತಿರುತ್ತದೆ. ಇಲ್ಲಿ ತಲೆಕೆಳಗು. ಗಾಲಿಯ ಬೋರ್ ಬಿಗಿ ಇರಬೇಕು, ಶಾಫ್ಟ್ ಕೈಯಲ್ಲಿ ತೂರುವಂತಿರಬೇಕು. ಇದನ್ನು ಹೇಳದಿದ್ದರೆ ಬೋರ್ ಸಡಿಲ ಮಾಡಿಕೊಡುತ್ತಾರೆ, ಔಟರ್ ಗಾಲಿಯೊಳಗೆ ಚೂರು ಚೂರೇ ಜಾರುತ್ತಾ ಬೋರನ್ನು ತಿಂದುಹಾಕುತ್ತದೆ.

6206ರ ಹೊರ ವ್ಯಾಸ 62. ಗಾಲಿ ಬೋರ್ 61.96ರಿಂದ 61.99 ಒಳಗೆ ಬರಬೇಕು, ಎನ್7 ಫಿಟ್ ಅಂದರೆ ಗೊತ್ತಾಗುತ್ತದೆ. ಶಾಫ್ಟ್ 29.98ರಿಂದ 29.99. ಬೇರಿಂಗ್ ಸಿ3 ಕ್ಲಿಯರೆನ್ಸ್‌ನದ್ದೇ (ಒಳಗೆ ಪ್ಲೇ ಸ್ವಲ್ಪ ಜಾಸ್ತಿ ಇರುವುದು) ತನ್ನಿ, ಔಟರನ್ನು ಬಿಗಿಯಾಗಿ ಒತ್ತಿದಾಗ ಒಳಗಿನ ಪ್ಲೇ ಕಡಿಮೆಯಾಗುತ್ತದೆ. ಸುತ್ತಿಗೆ ತೆಗೆದುಕೊಂಡು ಬಡಿಯಬೇಡಿ ಮಾರಾಯ್ರೇ. ಗಾಲಿಯನ್ನು ಕುದಿಯುವ ನೀರಿನಲ್ಲಿ ಚೆನ್ನಾಗಿ ಮುಳುಗಿಸಿಡಿ, 62ರ ಬೋರ್ 0.05 ಎಂಎಂ ದೊಡ್ಡದಾಗುತ್ತದೆ. ತೆಗೆದು ನೀರು ಒರೆಸಿ, ತಣ್ಣಗಿನ ಬೇರಿಂಗ್ ಇಟ್ಟರೆ ತಾನಾಗೇ ಕೂರುತ್ತದೆ. ಕೂರದಿದ್ದರೆ ಹಳೇ ಔಟರ್ ರಿಂಗನ್ನು ಮೇಲಿಟ್ಟು ಔಟರ್ ಮೇಲೆ ಮಾತ್ರ ಒತ್ತಿ. ಇನ್ನರ್ ಮೇಲೆ ಒತ್ತಿದರೆ ಆ ಬಲವೆಲ್ಲ ಗುಂಡಿನ ಮೂಲಕ ಹೋಗಿ ಹಾಕುವ ಮೊದಲೇ ಕೆಡುತ್ತದೆ.

ಗಾಲಿಗೆ ಇಎನ್8 (ಮಧ್ಯಮ ಕಾರ್ಬನ್ ಸ್ಟೀಲು) ಸಾಕು. ಒಂದು ಹಳಿಯ ಎರಡು ಗಾಲಿಗೆ ಮಾತ್ರ ಎರಡೂ ಕಡೆ ಕಿವಿ (ಹಳಿಯಿಂದ ಜಾರದಂತೆ ತಡೆಯುವ ಎತ್ತರದ ಅಂಚು) ಇಡಿ, ಇನ್ನೊಂದು ಹಳಿಯ ಗಾಲಿಗಳು ಸಾದಾ ಇರಲಿ. ನಾಲ್ಕಕ್ಕೂ ಕಿವಿ ಇಟ್ಟರೆ, ಎರಡು ಹಳಿಯ ನಡುವಿನ ಅಂತರ ಎಲ್ಲಾದರೂ ಐದು ಎಂಎಂ ಆಚೀಚೆ ಆದಲ್ಲಿ ಗಾಲಿ ಸಿಕ್ಕಿಕೊಂಡು ಬೇರಿಂಗ್‌ಗೆ ಪಕ್ಕದಿಂದ ಒತ್ತಡ ಬೀಳುತ್ತದೆ.

---

ಹಳೇ_ಫಿಟ್ಟರ್

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು. ಎರಡು ಸಣ್ಣ ಮಾತು ಸೇರಿಸುತ್ತೇನೆ.

ಹಳಿ ಎಷ್ಟೇ ಸರಿಮಾಡಿದರೂ ಮತ್ತೆ ಕೂರುತ್ತದೆ. ಟ್ರಾಕ್ಟರಿನ ಮುಂದಿನ ಆಕ್ಸಲ್ ನೋಡಿದ್ದೀರಲ್ಲ, ನಡುವೆ ಒಂದು ಪಿನ್ ಮೇಲೆ ತೂಗುತ್ತದೆ. ಹೊಲದಲ್ಲಿ ಒಂದು ಚಕ್ರ ದಿಬ್ಬ ಹತ್ತಿದರೂ ನಾಲ್ಕೂ ನೆಲದ ಮೇಲೇ ಇರುವುದು ಅದರಿಂದ. ನಿಮ್ಮ ಟ್ರಾಲಿಯ ಒಂದು ಆಕ್ಸಲ್‌ಗೂ ಹಾಗೇ ಮಾಡಿ. ನಟ್ಟನಡುವೆ 40 ಎಂಎಂ ಪಿನ್, ಆಕ್ಸಲ್‌ನ ತುದಿಗಳು ಮೇಲೆ ಕೆಳಗೆ 10 ಎಂಎಂ ಆಡಲಿ. ಅದಕ್ಕಿಂತ ಜಾಸ್ತಿ ಆಡದ ಹಾಗೆ ಎರಡೂ ಕಡೆ ಗಟ್ಟಿ ಸ್ಟಾಪರ್ ಕೊಡಲೇಬೇಕು. ಇಲ್ಲದಿದ್ದರೆ ಕಲ್ಲು ಒಂದು ಮೂಲೆಗೆ ಕೂತಾಗ ಟ್ರಾಲಿ ಆ ಕಡೆಗೇ ಮಗುಚುತ್ತದೆ, ಕಾಲಿದ್ದರೆ ಕಾಲೂ ಹೋಗುತ್ತದೆ.

ಇನ್ನೊಂದು ಕಲ್ಲಿನ ರಾಡಿ. ಗ್ರಾನೈಟ್ ಪುಡಿ ಅಂದರೆ ಅರ್ಧ ಸಾಣೆಕಲ್ಲೇ. 2ಆರ್‌ಎಸ್ (ಎರಡೂ ಬದಿಗೆ ರಬ್ಬರ್ ಸೀಲ್ ಇರುವ) ಬೇರಿಂಗ್‌ನ ರಬ್ಬರ್ ಧೂಳನ್ನು ತಡೆಯುತ್ತದೆ, ಪೈಪ್ ಹಿಡಿದು ತೊಳೆಯುವ ನೀರನ್ನು ತಡೆಯುವುದಿಲ್ಲ. ಎರಡು ಬೇರಿಂಗ್ ನಡುವಿನ ಜಾಗಕ್ಕೆ ಇಪಿ2 (ಭಾರಿ ಒತ್ತಡ ತಡೆಯುವ) ಗ್ರೀಸ್ ತುಂಬಿ, ಹೊರಗೊಂದು ತಗಡಿನ ಮುಚ್ಚಳ ಹಾಕಿಸಿ. ಹುಡುಗರಿಗೆ ಗಾಲಿಗೆ ನೀರು ಬಿಡಬೇಡಿ ಅಂತ ಹೇಳಿ. ಕೇಳುವುದಿಲ್ಲ, ಆದರೂ ಹೇಳಿ.

---

ಇಳಕಲ್_ಕಲ್ಲು

ಎಲ್ಲರಿಗೂ ಥ್ಯಾಂಕ್ಸ್. ಮಾಡಿದ್ದನ್ನು ಬರೆದುಬಿಡುತ್ತೇನೆ, ಮುಂದೆ ಯಾರಾದರೂ ಇದೇ ಹುಡುಕಿಕೊಂಡು ಬಂದರೆ ಉಪಯೋಗ ಆದೀತು.

150ರ ಇಎನ್8 ಗಾಲಿ ನಾಲ್ಕು, ಒಳಗೆ ಎರಡೆರಡು 6206 2ಆರ್‌ಎಸ್ ಸಿ3. ಮೊದಲ ಗಾಲಿಯ ಬೋರ್ 62.02 ಮಾಡಿ ತಂದರು! ಮೇಷ್ಟ್ರು ಹೇಳಿದ ಹಾಗೇ 'ಸಾರ್, ಔಟರ್ ಯಾವತ್ತೂ ಲೂಸ್ ಇರಬೇಕು' ಅಂತ ನನಗೇ ಪಾಠ. ಈ ಪುಟ ಓದಿ ತೋರಿಸಿದ ಮೇಲೆ ಉಳಿದ ಮೂರು ಸರಿ ಬಂದವು, ಮೊದಲನೆಯದನ್ನು ಬೇರೆ ಮಾಡಿಸಿದೆ. ಕುದಿಯುವ ನೀರಿನ ಉಪಾಯ ನೋಡಿ ಲೇತಿನವರೂ ಬಾಯಿ ಬಿಟ್ಟರು. ಬೇರಿಂಗ್ ಟಕ್ ಅಂತ ಕೂತಿತು.

ಹಿಂದಿನ ಆಕ್ಸಲ್ ಪಿನ್ ಮೇಲೆ ತೂಗುತ್ತದೆ, ಸ್ಟಾಪರ್ ಹಾಕಿದ್ದೇವೆ. ಪಟ್ಟಿ ತೆಗೆದು 50x50 ಎಂಎಸ್ ಚೌಕ ಬಾರ್ ಹಾಸಿದ್ದೇವೆ. ಕಾಗದದ ಚೂರು ಈಗ ಒಂದು ಗಾಲಿಯ ಅಡಿಗೂ ಹೋಗುವುದಿಲ್ಲ. ಈ ಸಲ ಅರ್ತ್ ಕ್ಲಾಂಪ್ ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ.

ಮೊದಲು ಕಲ್ಲು ಹೇರಿದ ಟ್ರಾಲಿ ತಳ್ಳಲು ಮೂರು ಜನ ಬೇಕಿತ್ತು, ಈಗ ಒಬ್ಬನೇ ತಳ್ಳುತ್ತಾನೆ. ಅದರಿಂದ ಹೊಸ ತಲೆನೋವು ಶುರುವಾಗಿದೆ. ತಳ್ಳಿಬಿಟ್ಟರೆ ಕೈಬಿಟ್ಟ ಮೇಲೂ ಎಂಟು ಹತ್ತು ಅಡಿ ತಾನೇ ಓಡುತ್ತದೆ, ನಿನ್ನೆ ಕಟರ್ ಟೇಬಲ್ಲಿಗೆ ಹೋಗಿ ಗುದ್ದಿತು. ಸದ್ಯಕ್ಕೆ ಹಳಿಯ ಕೊನೆಗೆ ಲಾರಿ ಟೈರಿನ ತುಂಡು ಕಟ್ಟಿದ್ದೇನೆ. ಕಾಲಲ್ಲಿ ಒತ್ತುವಂಥ ಸಾದಾ ಬ್ರೇಕ್ ಯಾರಾದರೂ ಮಾಡಿದ್ದೀರಾ?

---

ಹಳೇ_ಫಿಟ್ಟರ್

ಮಾಡಿದ್ದೇನೆ. ಅದಕ್ಕೆ ಬೇರೆ ಪ್ರಶ್ನೆ ಹಾಕಿ, ಗಾಲಿಯ ಫೋಟೋ ಜೊತೆಗೆ. ಅಲ್ಲಿಯವರೆಗೆ ಟೈರ್ ಬಿಚ್ಚಬೇಡಿ.